ಮಸಣದ ಮೆಂಬರು

ಚಿಕ್ಕಜಾಲದ ಪಕ್ಕ, ನಮ್ಮನೆ
ಭಾನುವಾರ, 21 ಸೆಪ್ಟೆಂಬರ್ 2025
ಅಮಾವಾಸ್ಯೆ ಸಂಜೆ

ಅಪ್ಪ,

ತಾತನ ತಲೆ ನಾನು ಒಡೆದಿಲ್ಲ. ಶುಕ್ರವಾರ ಅಷ್ಟು ಜನರ ಮುಂದೆ ನೀನು ಕೂಗಾಡಿದ್ದಕ್ಕೆ ಇದು ಉತ್ತರ. ನಾನು ಕುಡಿದಿರಲಿಲ್ಲ. ಜೆಸಿಬಿ ಬಕೆಟ್ ಜೋರಾಗಿ ಇಳಿಸಲೂ ಇಲ್ಲ. ನೀನು ಏರ್‌ಪೋರ್ಟಿಗೆ ಹೊರಡೋ ಅವಸರದಲ್ಲಿ ಒಂದು ಕೈಲಿ ಆ ಬಿಳಿ ಬಟ್ಟೆ ಗಂಟು, ಇನ್ನೊಂದು ಕೈಲಿ ಕಾರಿನ ಬಾಗಿಲು ಹಿಡಿದುಕೊಂಡು, "ಮನೆ ದೇವ್ರಂಗಿದ್ದೋರ ತಲೆ ಪುಡಿ ಮಾಡಿದ್ಯಲ್ಲೋ ಪಾಪಿ, ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋನ ಕೈಗೆ ಮಷಿನ್ ಕೊಟ್ಟಿದ್ದು ನಂದೇ ತಪ್ಪು" ಅಂದೆ. ಕೂಲಿಯವರು ನೋಡ್ತಿದ್ದರು, ಪುರೋಹಿತರು ನೋಡ್ತಿದ್ದರು, ನಿನ್ನ ಇಂಜಿನಿಯರ್ ಮೊಬೈಲ್ ನೋಡೋ ಥರ ನಾಟಕ ಮಾಡ್ಕೊಂಡು ನಗ್ತಿದ್ದ. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಅಲ್ಲೇ ನಿನ್ನ ಮರ್ಯಾದೆ ಹೋಗ್ತಿತ್ತು. ಅದಕ್ಕೆ ಸುಮ್ಮನಿದ್ದೆ, ಭಯಕ್ಕಲ್ಲ. ಈಗ ಸುಮ್ಮನಿರಲ್ಲ.

ಮೊದಲು ಕೇಳಬೇಕಾದ್ದು ಕೇಳ್ತೀನಿ, ಇಲ್ಲಾಂದ್ರೆ ಅದಕ್ಕೂ ಬೈತೀಯ. ಹೇಗಿದೀಯ? ಸ್ಟೆಂಟ್ ಹಾಕಿಸಿಕೊಂಡು ಇನ್ನೂ ವರ್ಷ ಆಗಿಲ್ಲ, ಗಯಾದ ಬಿಸಿಲಲ್ಲಿ ಬರಿಮೈಲಿ ಕೂರಿಸಿರ್ತಾರೆ. ಮಾತ್ರೆ ಬ್ಯಾಗಿನ ಸೈಡ್ ಜಿಪ್‌ನಲ್ಲಿ ಇಟ್ಟಿದ್ದೆ, ಅದನ್ನ ಹೇಳೋದಕ್ಕೂ ನೀನು ಬಿಡಲಿಲ್ಲ. ಸಿಕ್ಕಿತೋ ಇಲ್ಲವೋ. ಜೊತೇಲಿ ಬಂದ ಪುರೋಹಿತರು ಬೇಡ ಅಂದರು ಅಂತ ಫೋನ್ ಬೇರೆ ಆಫ್ ಮಾಡಿದೀಯ. ನಾಳೆ ಸಂಜೆ ಫ್ಲೈಟ್ ಇಳಿದು ಬಂದು ಈ ಸೋಫಾ ಮೇಲೇ ಕೂತು ಇದನ್ನ ಓದ್ತೀಯ ಅಂದ್ಕೊಂಡಿದೀನಿ. ನೀರು ಕುಡಿದು ಕೂತ್ಕೋ. ಅಜ್ಜಿ ಹೇಗಿದ್ದಾಳೆ ಅಂತ ನೀನು ಕೇಳೇ ಕೇಳ್ತೀಯ. ಅದನ್ನ ಕೊನೇಲಿ ಬರೀತೀನಿ. ಹಾರಿಸಿಕೊಂಡು ಹೋಗಿ ಅದನ್ನೇ ಮೊದಲು ಓದಬೇಡ, ನಾನು ಬರೆದಂಗೇ ಸಾಲಾಗಿ ಓದು. ಒಂದು ಸಲನಾದರೂ ನಾನು ಹೇಳೋದನ್ನ ಪೂರ್ತಿ ಕೇಳು.

ಸಮಾಧಿ ವಿಷಯ. ಬೇವಿನ ಮರದ ಕೆಳಗೆ ಸುಣ್ಣ ಹೊಡೆದ ಆ ಕಟ್ಟೆಗೆ ಹುಟ್ಟಿದಾಗಿಂದ ಕೈ ಮುಗಿದಿದೀನಿ ನಾನೂ. ಮೆಂಬರ್ ತಾತ ಅಲ್ಲಿ ಮಲಗಿದಾನೆ, ಚಪ್ಪಲಿ ಬಿಟ್ಟು ಹೋಗು ಅಂತ ನೀನೇ ತಲೆ ಮೇಲೆ ಮೊಟಕಿದ್ದು. ಈಗ ಅಪಾರ್ಟ್‌ಮೆಂಟಿನ ಗೇಟ್ ಸರಿಯಾಗಿ ಅಲ್ಲೇ ಬರುತ್ತೆ ಅಂತ ಪ್ಲಾನ್‌ನಲ್ಲಿ ಬಂದಮೇಲೆ, ಮೂಳೆ ತೆಗೆದು ಗಯಾಗೆ ಬಿಟ್ಟು ಬಂದರೆ ತಾತನಿಗೆ ಮೋಕ್ಷ ಅಂತ ನಿನಗೆ ಹೊಳೀತು. ಪಿತೃಪಕ್ಷಕ್ಕೂ ಸರಿ, ವಿಜಯದಶಮಿ ಭೂಮಿಪೂಜೆಗೂ ಸರಿ. ಹಿರಿಮಗನ ವಂಶದವನು ಗುಂಡಿ ಒಳಗೆ ನೋಡಬಾರದು ಅಂತ ಪುರೋಹಿತರು ಹೇಳಿದರು, ನೀನು ಆ ಕಡೆ ತಿರುಗಿ ನಿಂತೆ. ಚಪ್ಪಡಿ ಎತ್ತಿದಾಗಲೇ ನನಗೆ ಅನುಮಾನ. ಗುಂಡಿ ಒಬ್ಬ ಮನುಷ್ಯನಿಗೆ ತೋಡಿದ್ದಲ್ಲ. ಮಷಿನ್ ನಿಲ್ಲಿಸಿ ಇಳಿದು ಕೈಯಲ್ಲೇ ಮಣ್ಣು ಬಿಡಿಸಿದೆ. ಮೂಳೆ ಹಿಟ್ಟಿನ ಥರ ಉದುರ್ತಿತ್ತು, ಸಿಕ್ಕಿದ ಚೂರನ್ನ ಬಟ್ಟೆಗೆ ಹಾಕಿ ಮೇಲೆ ಕೊಟ್ಟೆ. ಆಮೇಲೆ ಒಂದು ಹಲ್ಲು ಸಿಕ್ಕಿತು, ನನ್ನ ಹೆಬ್ಬೆರಳಿಗಿಂತ ದೊಡ್ಡದು. ಆಮೇಲೆ ತಲೆ. ತಲೆಗೆ ಕೊಂಬಿತ್ತು ಅಪ್ಪ. ಒಂದು ಕೊಂಬಿನ ತುದೀಲಿ ಎತ್ತಿಗೆ ಹಾಕೋ ಹಿತ್ತಾಳೆ ತೊಡವು, ಹಸಿರು ಕಟ್ಟಿಕೊಂಡು ಇನ್ನೂ ಅಂಟಿಕೊಂಡೇ ಇತ್ತು. ನಾನು ಗೋಣಿಚೀಲ ಮುಚ್ಚಿ ಅದನ್ನ ಸೀಟಿನ ಕೆಳಗೆ ತಳ್ಳಿದೆ. ತಲೆ ಸಿಗಲಿಲ್ಲ ಅಂದೆ. ನಾನೇ ಒಡೆದೆ ಅಂದೆ ನೀನು.

ನೀನು ಹೋದಮೇಲೆ ಚೀಲ ತಗೊಂಡು ಹೋಗಿ ಅಜ್ಜಿ ಮಂಚದ ಮುಂದೆ ಇಟ್ಟೆ. ಅವಳು ಚೀಲದ ಬಾಯಿ ತೆಗೆದು ನೋಡಿ, ಆ ಹಿತ್ತಾಳೆ ಮುಟ್ಟಿ, ನಕ್ಕಳು. ಅವಳು ಹಂಗೆ ನಕ್ಕಿದ್ದು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ, ಕೆಮ್ಮು ಬರೋವರೆಗೂ ನಕ್ಕಳು. "ಅಯ್ಯೋ, ಕೆಂದನ್ನ ಎಬ್ಬುಸ್ಬುಟ್ಯೇನ್ಲಾ, ಮಲಗಿತ್ತಲ್ಲ ಪಾಪ" ಅಂದಳು. ಕೆಂದ ಅಂದರೆ ಎತ್ತು. ಮೆಂಬರ್ ತಾತನ್ನ ಗಾಡೀಲಿ ಯಲಹಂಕ ಸ್ಟೇಷನ್‌ಗೆ ಎಳೆದುಕೊಂಡು ಹೋಗ್ತಿದ್ದ ಎತ್ತು. ನಾವೆಲ್ಲ ವರ್ಷ ವರ್ಷ ಹಿರಿಯರ ಹಬ್ಬಕ್ಕೆ ಎಡೆ ಇಟ್ಟಿದ್ದು, ಹೊಸ ಪಂಚೆ ಹೊದಿಸಿದ್ದು, ನಶ್ಯದ ಡಬ್ಬಿ ಇಟ್ಟಿದ್ದು, ನೀನು ಪ್ರತಿ ಪ್ರಾಜೆಕ್ಟ್ ಶುರು ಮಾಡೋವಾಗ ಅಡ್ಡ ಬಿದ್ದಿದ್ದು, ಎಲ್ಲ ಕೆಂದನಿಗೆ.

ನಗು ಬರ್ತಿದೆ ಅಲ್ವಾ? ನನಗೆ ಬರಲಿಲ್ಲ. ಹಂಗಾದರೆ ತಾತ ಎಲ್ಲಿ ಅಂತ ಕೇಳಿದೆ. ಅಜ್ಜಿ ಕಿಟಕಿ ಕಡೆ ಕೈ ತೋರಿಸಿದಳು. ಕಿಟಕಿ ಆಚೆ ಕೆರೆ, ಕೆರೆ ಆಚೆ ಕಾಲೋನಿಯವರ ಮಸಣ. ಅಪಾರ್ಟ್‌ಮೆಂಟಿನ ರೋಡಿಗೆ ನಾಳೆ ಬೆಳಗ್ಗೆ ನಾನು ಮಷಿನ್ ಇಳಿಸಿ ಮಟ್ಟ ಮಾಡಬೇಕು ಅಂತ ನೀನು ಹೇಳಿ ಹೋದ ಜಾಗ. ನಾನು ಬರಲ್ಲ ಅಂದರೆ ಬಾಗಲೂರಿಂದ ಬೇರೆ ಮಷಿನ್ ತರಿಸ್ತೀನಿ ಅಂದ ಜಾಗ.

ನೀನು ಮಾಡಿಸಿದ ತಾತನ ಬೊಂಬೆ ಶೆಡ್‌ನಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ಬಿದ್ದಿದೆ, ಶುಕ್ರವಾರಾನೇ ಹೋಗಿ ಬಿಚ್ಚಿ ನೋಡಿದೆ. ತಾತನ ಫೋಟೋ ಒಂದೂ ಇಲ್ಲ ಅಂತ ಶಿಲ್ಪಿಗೆ ನಿನ್ನ ಫೋಟೋನೇ ಕೊಟ್ಟಿದೀಯ. ಮೈಸೂರು ಪೇಟ, ಉದ್ದ ಕೋಟು, ಕೈಲಿ ಪುಸ್ತಕ, ಮುಖ ಮಾತ್ರ ನಿಂದು, ಗಲ್ಲದ ಕೆಳಗಿನ ಇನ್ನೊಂದು ಗಲ್ಲ ಸಮೇತ. ಕೆಳಗೆ ಕಲ್ಲಲ್ಲಿ ಕೆತ್ತಿಸಿದೀಯ: ಮೈಸೂರು ಪ್ರಜಾ ಪ್ರತಿನಿಧಿ ಸಭೆಯ ಮಾಜಿ ಸದಸ್ಯರು, ಜನಸೇವಕರು, ಶ್ರೀ ಬ್ಯಾಟರಾಯಪ್ಪನವರು. ಏನು ಜನಸೇವೆ ಮಾಡಿದರು ಅಂತ ಮೊನ್ನೆ ಫ್ಲಾಟ್ ನೋಡೋಕೆ ಬಂದ ಆ ಸಂಜಯನಗರದ ಹೆಂಗಸು ಕೇಳಿದಾಗ, "ಒಂದಾ ಎರಡಾ ಮೇಡಮ್, ಬಹಳ ಮಾಡಿದಾರೆ" ಅಂದೆ. ಒಂದಾದರೂ ಹೇಳು ಅಂದಿದ್ದರೆ ನಿನಗೆ ಬರ್ತಿರಲಿಲ್ಲ. ನನಗೂ ಶುಕ್ರವಾರದವರೆಗೂ ಬರ್ತಿರಲಿಲ್ಲ. ಈಗ ಬರುತ್ತೆ. ಅಜ್ಜಿಗೆ ಅವಳ ಅತ್ತೆ ಹೇಳಿದ್ದು. ಮೆಂಬರ್ ತಾತ ನಿನಗೆ ಮುತ್ತಾತ ಅಲ್ವಾ, ಆ ಅತ್ತೆ ಅವನ ಸೊಸೆ, ಎಲ್ಲ ಕಣ್ಣಾರೆ ಕಂಡವಳು.

ತಾತ ಪಟೇಲರ ಮಗ, ಹೊಟ್ಟೆಗೆ ಬಟ್ಟೆಗೆ ಕಮ್ಮಿ ಇರಲಿಲ್ಲ. ಕಂದಾಯ ಕಟ್ಟೋರಿಗೆ ಮಾತ್ರ ಆವಾಗ ಓಟು, ಅವರೇ ತಾತನ್ನ ಸಭೆಗೆ ಕಳಿಸಿದ್ದು. ದಸರಾಗೆ ಮೈಸೂರಲ್ಲಿ ಸಭೆ. ರಾಜರ ದಿವಾನರು ಕೂತಿರ್ತಾರೆ, ಒಂದೊಂದು ತಾಲ್ಲೂಕಿನ ಮೆಂಬರು ಎದ್ದು ನಿಂತು ತಮ್ಮ ಕಡೆಯವರ ಕಷ್ಟ ಹೇಳಬೇಕು. ಮೊದಲ ವರ್ಷ ಎಲ್ಲರ ಥರಾನೇ ಕೇಳಿದನಂತೆ. ನಮ್ಮ ಕೆರೆ ತೂಬು ರಿಪೇರಿ, ಚಾವಡೀಲಿ ಒಂದು ಸ್ಕೂಲು, ಸಿಡುಬಿಗೆ ದಾಕು ಹಾಕೋರು ವರ್ಷಕ್ಕೊಂದು ಸಲ ಬರಲಿ ಅಂತ. ಮೂರೂ ಆಯ್ತು. ದಾಕು ಹಾಕೋನು ಬಂದಾಗ ಊರೆಲ್ಲ ಬಾಗಿಲು ಹಾಕ್ಕೊಂಡಿತ್ತು, ತಾತ ತನ್ನ ಮಕ್ಕಳನ್ನ ಎಳೆದುಕೊಂಡು ಹೋಗಿ ಮೊದಲು ಕೂರಿಸಿದ. ಅಷ್ಟಕ್ಕೇ ನಿಲ್ಲಿಸಿದ್ದರೆ ನೀನು ಕೆತ್ತಿಸಿದ ಕಲ್ಲಿಗೆ ಸರಿಹೋಗ್ತಿದ್ದ.

ಆಮೇಲೆ ಪ್ಲೇಗ್ ಬಂತು. ಇಲಿ ಬಿತ್ತು ಅಂದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೋಬೇಕು. ನಮ್ಮೋರಿಗೆ ಹೊಲ ಇತ್ತು, ಗುಡಿಸಲು ಹಾಕಿದರು, ಸತ್ತೋರನ್ನ ತಮ್ಮ ತಮ್ಮ ಹೊಲದಲ್ಲಿ ಮಣ್ಣು ಮಾಡಿದರು. ಕಾಲೋನಿಯವರಿಗೆ ಹೂಳೋಕೆ ಒಂದು ಅಡಿ ನೆಲ ಇರಲಿಲ್ಲ. ಗೋಮಾಳಕ್ಕೆ ತಂದರೆ ದನ ಮೇಯೋ ಜಾಗ ಅಂತ ಓಡಿಸಿದರು. ಅವರು ಕೆರೆ ಒಣಗಿದ ಕಡೆ ಹೂತರು. ಆ ವರ್ಷ ಮಳೆ ಜೋರಾಗಿ ಬಂದು ಕೆರೆ ತುಂಬಿತು. ಗದ್ದೆಗೆ ನೀರು ಬಿಡೋಕೆ ತೂಬು ಎತ್ತಿದರೆ ನೀರು ಬರ್ತಿಲ್ಲ. ತೂಬಿಗೆ ಒಂದು ಮಗು ಸಿಕ್ಕಿಕೊಂಡಿತ್ತು. ನೀರುಗಂಟಿ ಏರಿ ಹತ್ತಿ ಓಡಿಹೋದ. ಯಾರೂ ಇಳಿಯಲಿಲ್ಲ. ತಾತ ಕೋಟು ಬಿಚ್ಚಿಟ್ಟು ಇಳಿದು, ಆ ಮಗೂನ ಬಿಡಿಸಿ, ಎತ್ತಿಕೊಂಡು ಮೇಲೆ ಬಂದ. ಎಲ್ಲಿಗೆ ತಗೊಂಡು ಹೋಗೋದು ಅಂತ ಗೊತ್ತಾಗದೆ ಏರಿ ಮೇಲೆ ಹಂಗೇ ನಿಂತಿದ್ದನಂತೆ. ಅಜ್ಜಿ ಇದನ್ನ ಹೇಳೋವಾಗ ತಾನೇ ಆ ಏರಿ ಮೇಲೆ ನಿಂತಂಗೆ ಎರಡು ಕೈ ಮುಂದಕ್ಕೆ ಚಾಚಿಕೊಂಡಿದ್ದಳು.

ಮುಂದಿನ ದಸರಾಗೆ ತಾತ ಸಭೇಲಿ ಎದ್ದು ಕೇಳಿದ್ದು ಒಂದೇ. ನಮ್ಮೂರ ಕಾಲೋನಿಗೆ ಒಂದು ಮಸಣ ಕೊಡಿ. ಪರಿಶೀಲಿಸ್ತೀವಿ ಅಂದರು. ಅದರ ಮುಂದಿನ ವರ್ಷ ಅದನ್ನೇ ಕೇಳಿದ. ಪರಿಶೀಲನೇಲಿ ಇದೆ ಅಂದರು. ತೂಬು ಕೇಳಿ, ರೋಡು ಕೇಳಿ, ರೈಲು ಕೇಳಿ ಅಂತ ನಮ್ಮ ಕಡೆಯೋರೇ ಬೈದರು. ಜೊತೆ ಮೆಂಬರುಗಳು ಪೇಟ ಸರಿ ಮಾಡ್ಕೊಂಡು ನಗ್ತಿದ್ದರಂತೆ, "ಏನ್ ಬ್ಯಾಟರಾಯಪ್ಪನೋರೇ, ಈ ಸಲಾನೂ ಹೆಣ ತಂದಿದೀರೋ" ಅಂತ. ಹೆಸರೇ ಬಿತ್ತು, ಮಸಣದ ಮೆಂಬರು ಅಂತ. ಯಲಹಂಕ ಸ್ಟೇಷನ್‌ನಲ್ಲಿ ಇಳಿದರೆ ಗಾಡಿ ಹೊಡೆಯೋ ಹುಡುಗರು ಹಂಗೇ ಕರೀತಿದ್ದರು. ಎಷ್ಟೋ ವರ್ಷ ಹೋಗಿ ಬಂದಮೇಲೆ ಒಂದು ದಿನ ತಾತ ಕೆರೆ ಆಚೆ ಇದ್ದ ತನ್ನ ಸ್ವಂತ ಹೊಲಕ್ಕೆ ಹೋಗಿ, ರಾಗಿ ಪೈರು ನಿಂತಿದ್ದಂಗೇ, ಇದು ನಿಮ್ಮದು ಅಂದುಬಿಟ್ಟ. ಅದೇ ಆ ಮಸಣ. ಸರ್ಕಾರದ್ದಲ್ಲ ಅದು, ನಮ್ಮದು. ನೀನು ಹೇಳೋದು ಸರಿ.

ಅದನ್ನೇ ತಾನೇ ನೀನು ಮುನಿಯಣ್ಣನಿಗೆ ಹೇಳಿದ್ದು. ಕಾಲೋನಿಯಿಂದ ಆ ಮನುಷ್ಯ ಬಂದು, ಈ ವಯಸ್ಸಲ್ಲಿ ನಮ್ಮ ಗೇಟಿನ ಹೊರಗೆ ನಿಂತುಕೊಂಡು, ರೋಡು ಪಕ್ಕದಲ್ಲಿ ತಗೊಳ್ಳಿ ಸ್ವಾಮಿ, ನಮ್ಮ ಅಪ್ಪ ಅಮ್ಮ ಎಲ್ಲ ಅಲ್ಲವರೆ ಅಂತ ಕೇಳಿದ. ನೀನು ಏನಂದೆ? "ನಮ್ ತಾತ ಕೊಟ್ಟಿದ್ದು ತಾನೇ ಮುನಿಯಣ್ಣ, ಕೊಟ್ಟೋರೇ ವಾಪಸ್ ತಗೊಂಡ್ರೆ ತಪ್ಪೇನು? ಕಾಗದ ಏನಾದ್ರೂ ಇದ್ರೆ ತಂದು ತೋರ್ಸು. ಇನ್ಮೇಲೆ ಯಾರಾದ್ರೂ ಹೋದ್ರೆ ಹೆಬ್ಬಾಳಕ್ಕೆ ನಾನೇ ವ್ಯಾನ್ ಕೊಡ್ತೀನಿ, ಕರೆಂಟ್ ಒಲೆ, ಹೊಗೆ ಇಲ್ಲ ಏನಿಲ್ಲ." ಅವನು ಅದಕ್ಕೂ ಮೇಲೆ ಒಂದು ಮಾತು ಹೇಳಿದ, ಮೆಲ್ಲಗೆ. "ನಿಮ್ಮೋರೂ ಅಲ್ಲೇ ಅವರೆ ಬುದ್ದಿ." ನೀನು ನಕ್ಕೆ. ನಮ್ಮೋರು ನಿಮ್ಮ ಪಕ್ಕ ಯಾಕಪ್ಪ ಮಲಗ್ತಾರೆ, ಇನ್ನೂ ಸ್ವಲ್ಪ ಕಾಸು ಬೇಕಿದ್ದರೆ ನೇರ ಕೇಳು, ಕಥೆ ಕಟ್ಟಬೇಡ ಅಂದೆ. ಅವನು ವಾಪಸ್ ಹೋದ. ಅವನು ಕಟ್ಟಿದ ಕಥೆ ಅಲ್ಲ ಅಪ್ಪ. ಕಥೆ ಕಟ್ಟಿದ್ದು ನಮ್ಮೋರು.

ತಾತ ಕಾಗದ ಮಾಡಿಸಿರಲಿಲ್ಲ. ಕಾಗದದ ಮೇಲೆ ಅವನಿಗೆ ನಂಬಿಕೆ ಹೋಗಿತ್ತೋ, ಇಲ್ಲಾ ಮಕ್ಕಳು ಸಹಿ ಹಾಕಲ್ಲ ಅಂದರೋ, ಅಜ್ಜಿಗೂ ಗೊತ್ತಿಲ್ಲ. ಕೊಟ್ಟಮೇಲೂ ಆ ಹೊಲಕ್ಕೆ ಪ್ರತಿ ವರ್ಷ ಯಾರಾದರೂ ಬೇಕಂತಲೇ ನೇಗಿಲು ಹೂಡ್ತಿದ್ದರು, ತಾತ ಹೋಗಿ ಅಡ್ಡ ನಿಲ್ತಿದ್ದ. ಜ್ವರ ಬಂದು ಮಲಗಿದಾಗ ಹೆಂಡತೀನೂ ಈ ಸೊಸೇನೂ ಕೂರಿಸಿಕೊಂಡು ಹೇಳಿದನಂತೆ, ನನ್ನ ಅಲ್ಲಿಗೇ ಹಾಕಿ, ಪಟೇಲರ ಮಗನ ಮೇಲೆ ಯಾರೂ ನೇಗಿಲು ಹೂಡಲ್ಲ, ನಾನೇ ಅದಕ್ಕೆ ಕಾಗದ ಅಂತ. ಗಂಡುಮಕ್ಕಳಿಗೆ ಹೇಳಲಿಲ್ಲ, ಕೇಳಲ್ಲ ಅಂತ ಗೊತ್ತಿತ್ತು. ಅವರು ಕೇಳಲೂ ಇಲ್ಲ. ಚಟ್ಟ ಹೊತ್ತುಕೊಂಡು ವಾಲಗದ ಜೊತೆ ಬೇವಿನ ಮರದ ಹೊಲಕ್ಕೇ ಹೊರಟರು. ದಾರಿ ಕವಲೊಡೆಯೋ ಕಡೆ ತಾತನ ಹೆಂಡತಿ ನಡುರಸ್ತೇಲಿ ಕೂತುಬಿಟ್ಟಳು. ಅಳಲಿಲ್ಲ, ಕೂಗಲಿಲ್ಲ, ಏಳಲೂ ಇಲ್ಲ. ಅವಳ ಪಕ್ಕ ಸೊಸೆ ಕೂತಳು. ಬಿಸಿಲು ಏರಿತು, ಹೊತ್ತೋರ ಭುಜ ಸೋತಿತು, ವಾಲಗ ನಿಂತಿತು. ಕೊನೆಗೆ ಚಟ್ಟ ಕೆರೆ ಕಡೆ ತಿರುಗಿತು. ಅಲ್ಲಿ ಗುಂಡಿ ತೆಗೆದು ಕಾಯ್ತಿದ್ದದ್ದು ಮುನಿಯಣ್ಣನ ತಾತ.

ಆಮೇಲೆ ನಮ್ಮ ಮನೇಗೆ ಯಾರೂ ಹೆಣ್ಣು ಕೊಡಲಿಲ್ಲ. ನೆಂಟರು ಊಟಕ್ಕೆ ಬರಲಿಲ್ಲ. ವರ್ಷ ನೋಡಿ ಗಂಡುಮಕ್ಕಳು ಒಂದು ಕೆಲಸ ಮಾಡಿದರು. ಬೇವಿನ ಮರದ ಕೆಳಗೆ ಆಗ ತಾನೇ ಸತ್ತ ಕೆಂದನ್ನ ಹೂತಿದ್ದರು, ಅದರ ಮೇಲೆ ಚಪ್ಪಡಿ ಎಳೆದು ಕಟ್ಟೆ ಕಟ್ಟಿ, ಅಪ್ಪನ್ನ ಅಲ್ಲಿಂದ ತೆಗೆದು ನಮ್ಮ ಹೊಲಕ್ಕೇ ತಂದ್ವಿ ಅಂತ ಊರಿಗೆ ಸಾರಿದರು. ಊರಿಗೆ ಅಷ್ಟೇ ಸಾಕಿತ್ತು. ಮದುವೆಗಳಾದವು. ಅಜ್ಜೀನ ಈ ಮನೇಗೆ ಕೇಳೋಕೆ ಹೋದಾಗಲೂ ಅವಳ ಅಪ್ಪನ್ನ ಕರ್ಕೊಂಡು ಬಂದು ಮೊದಲು ತೋರಿಸಿದ್ದು ಆ ಕಟ್ಟೇನೇ. "ಎತ್ತಿನ ಗುಡ್ಡೆ ನೋಡಿ ನನ್ನ ಕೊಟ್ರು ಕಣ್ಲಾ" ಅಂದಳು. ಮದುವೆ ಆಗಿ ಬಂದ ಮೊದಲ ಅಮಾವಾಸ್ಯೆಗೆ ಅತ್ತೆ ಕಿವೀಲಿ ಹೇಳಿದಳಂತೆ, ಗಂಡಸರು ಒಂದು ಎಲೆ ಇಡ್ತಾರೆ, ನಾವು ಇನ್ನೊಂದು ಇಡಬೇಕು ಅಂತ. ನನಗೆ ಜ್ಞಾಪಕ ಇದೆ ಅಪ್ಪ. ಪ್ರತಿ ವರ್ಷ ನೀವೆಲ್ಲ ಊಟಕ್ಕೆ ಕೂತಾಗ ಅಜ್ಜಿ ಸೆರಗಲ್ಲಿ ಮುಚ್ಚಿಕೊಂಡು ಒಂದು ಎಲೆ ತಗೊಂಡು ಕೆರೆ ಆಚೆ ಹೋಗ್ತಿದ್ದಳು. ಚಿಕ್ಕವನಿದ್ದಾಗ ಸೀರೆ ಹಿಡ್ಕೊಂಡು ನಾನೂ ಹೋಗ್ತಿದ್ದೆ. ಯಾರಿಗಜ್ಜಿ ಅಂದರೆ ಕಾಗೆಗೆ ಅಂತಿದ್ದಳು. ಹೊಂಗೆ ಮರದ ಬುಡದಲ್ಲಿ ಒಂದು ಉದ್ದ ಕಲ್ಲಿದೆ, ಹೆಸರಿಲ್ಲ, ಏನಿಲ್ಲ. ಕಾಲೋನಿಯವರು ಅದಕ್ಕೆ ಅರಿಶಿನ ಹಚ್ಚಿರ್ತಾರೆ. ಅದು ತಾತ.

ಅಜ್ಜಿ ನಿನಗೆ ಯಾಕೆ ಹೇಳಲಿಲ್ಲ ಅಂತ ಕೇಳ್ತೀಯ. ನಾನೂ ಕೇಳಿದೆ. ಹೆಂಗಸರ ಮಾತು, ಸೊಸೆಗೆ ಹೇಳಬೇಕು, ಮಗನಿಗಲ್ಲ ಅಂದಳು. ಸೊಸೆಗೆ ಹೇಳಿದ್ದಳಂತೆ. ಅಮ್ಮ ಇದ್ದಿದ್ದರೆ ಗೊತ್ತಾಗ್ತಿತ್ತು ನಿನಗೆ. ಅಮ್ಮನ್ನ ನೀನು ಆ ಕರೆಂಟ್ ಒಲೇಲಿ ಇಟ್ಟು ಬಟನ್ ಒತ್ತಿ ಬಂದೆ, ಸೈಟಲ್ಲಿ ಕಾಂಕ್ರೀಟ್ ಇತ್ತು ಅಂತ ಅವತ್ತೇ ಮಧ್ಯಾಹ್ನ ಕೆಲಸಕ್ಕೆ ಹೋದೆ. ಅದನ್ನ ನಾನು ಮರೆತಿಲ್ಲ, ಆರನೇ ಕ್ಲಾಸಲ್ಲಿದ್ದೆ ಅಷ್ಟೇ. ರೋಡು ಆ ಮಸಣದ ಮೇಲೇ ಬರುತ್ತೆ ಅಂತ ಅಜ್ಜಿಗೆ ಗೊತ್ತಿರಲಿಲ್ಲ. ನೀನು ಹೇಳಿರಲಿಲ್ಲ. ಶುಕ್ರವಾರ ನಾನೇ ಹೇಳಿದ್ದು. ಅವಳ ನಗು ನಿಂತಿತು. "ಬೀಮ್ರಾಜ ಮಾಡ್ತಾನಾ ಇಂಗೆ? ನನ್ನೊಟ್ಟೇಲುಟ್ಟಿದೋನಾ?" ಅಂದಳು. ಆಮೇಲೆ ಚೀಲದ ಕಡೆ ನೋಡಿ, "ಸುಳ್ಳಿಗೆ ನಾನೂ ಎಡೆ ಆಕ್ದೆ ಕಣ್ಲಾ, ಅದ್ಕೇ ಅವ್ನು ನಿಜ ಅಂದ್ಕಂಡ" ಅಂತ ಗೋಡೆ ಕಡೆ ತಿರುಗಿ ಮಲಗಿದಳು. ಶನಿವಾರ ಪೂರ್ತಿ ಮಂಚ ಬಿಟ್ಟು ಏಳಲಿಲ್ಲ. ನನ್ನ ಸೋದರತ್ತೆ ಹಬ್ಬಕ್ಕೆ ಅಂತ ಮಧ್ಯಾಹ್ನಾನೇ ಬಂದಳು, ಅಡಿಗೆಗೆ ಸಾಮಾನು ತಂದಿದ್ದಳು, ಅಜ್ಜಿ ಆಗಲೂ ಏಳಲಿಲ್ಲ.

ಇವತ್ತು ಬೆಳಗ್ಗೆ ಎದ್ದು ಅಜ್ಜಿ ತಾನೇ ಮುದ್ದೆ ತಿರುವಿದಳು. ಬೇಡ ಅಂದರೂ ಕೇಳಲಿಲ್ಲ, ಅತ್ತೆ ಕೋಲು ಹಿಡಿದುಕೊಂಡಳು, ಅವಳ ಕೈ ಮೇಲೆ ಇವಳ ಕೈ. ಒಂದೇ ಎಲೆ ಹಾಕಿದಳು. ಬೇವಿನ ಮರದ ಕೆಳಗೆ ಈಗ ನೀರು ನಿಂತ ಗುಂಡಿ, ಅಲ್ಲಿಗೆ ಎಲೆ ಇಲ್ಲ. ಬೊಲೇರೋದಲ್ಲಿ ಕೂರಿಸಿಕೊಂಡು ಕೆರೆ ಆಚೆ ಕರ್ಕೊಂಡು ಹೋದೆ. ಈ ಸಲ ಸೆರಗು ಮುಚ್ಚಲಿಲ್ಲ ಅವಳು. ಕಾಲೋನಿ ಮಧ್ಯದಲ್ಲಿ ಎಲೆ ಎತ್ತಿ ಹಿಡಿದುಕೊಂಡೇ ನಡೆದಳು. ಮುನಿಯಣ್ಣ ಜಗಲಿಯಿಂದ ಎದ್ದು ನಿಂತ. ಅವನ ಮನೆಯವರೂ ಅವರ ಹಿರಿಯರಿಗೆ ಎಲೆ ತಂದಿದ್ದರು. ಎಲ್ಲರೂ ನೋಡ್ತಿದ್ದಂಗೆ ಆ ಹೆಸರಿಲ್ಲದ ಕಲ್ಲಿನ ಮುಂದೆ ಎಲೆ ಇಟ್ಟು, ನಶ್ಯದ ಡಬ್ಬಿ ಇಟ್ಟು, ಅವಳ ಅತ್ತೆ ಕರೀತಿದ್ದಂಗೇ "ಮಾವ, ಉಣ್ಣಿ" ಅಂದಳು. ಒಂದು ವಿಮಾನ ತಲೆ ಮೇಲೇ ಹೋಯ್ತು, ಅದು ಹೋಗೋವರೆಗೆ ಕಾದು ಇನ್ನೊಂದು ಸಲ ಹೇಳಿದಳು.

ನಾನು ಹೇಳೋದು ಇಷ್ಟೇ. ನಿನ್ನ ಮಷಿನ್ ಕೀ ದೇವರ ಮನೆ ಮೊಳೇಲಿ ನೇತುಹಾಕಿದೀನಿ. ನಿನ್ನ ಕೈಕೆಳಗೆ ಇನ್ನು ಓಡಿಸಲ್ಲ. ಓದದೋನು, ಕೈಲಾಗದೋನು, ಕುಡುಕ, ಇನ್ನೂ ಏನೇನು ಅನ್ನಬೇಕೋ ಅಂದ್ಕೋ. ಆ ಬೊಂಬೆಗೆ ತಾತನ ಹೆಸರು ಮಾತ್ರ ಹಾಕಬೇಡ. ನಿನ್ನ ಮುಖ ಇದೆ, ನಿನ್ನ ಹೆಸರೇ ಹಾಕ್ಕೋ. ಗಯಾದಲ್ಲಿ ಇಟ್ಟ ಪಿಂಡದ ಬಗ್ಗೆ ಬೇಜಾರು ಮಾಡ್ಕೋಬೇಡ, ಕೆಂದಾನೂ ಈ ಮನೇಗೆ ದುಡಿದೋನೇ. ನೀನು ಕೇಳಿದ ತಲೆ ಟೀಪಾಯ್ ಮೇಲೆ ಚೀಲದಲ್ಲಿದೆ. ಒಡೆದಿದೆಯಾ ನೋಡು.

ಪುರೋಹಿತರಿಗೆ ನಮಸ್ಕಾರ ಹೇಳು. ಮಾತ್ರೆ ಬಿಡಬೇಡ, ರಾತ್ರಿದು ಅರ್ಧ ಮಾತ್ರ.

ನಿನ್ನ ಮಗ,
ಸಿದ್ದು

ಅಜ್ಜಿ ವಿಷಯ. ಅಜ್ಜಿ ಇಲ್ಲ ಅಪ್ಪ. ಎಲೆ ಇಟ್ಟು ಬಂದಮೇಲೆ ನಮ್ಮನೆ ಜಗಲೀಲಿ ಕೂತು ಕಾಫಿ ಕೇಳಿದಳು. ಸಕ್ಕರೆ ಜಾಸ್ತಿ ಆಕು ಕಣ್ಲಾ, ನಿಮ್ಮಪ್ಪ ಇಲ್ಲ ಅಂದಳು. ತಗೊಂಡು ಬಂದೆ, ಕೈ ಚಾಚಲಿಲ್ಲ. ಕಂಬಕ್ಕೆ ಒರಗಿದ್ದಳು ಅಷ್ಟೇ. ಬರೋ ದಾರೀಲಿ ನನಗೂ ಅತ್ತೆಗೂ ಹೇಳಿದ್ದಳು, ನನ್ನ ಕರೆಂಟ್ ಒಲೆಗಾಕ್ಬ್ಯಾಡ್ರಿ, ಮಾವನ ಪಕ್ಕ ಜಾಗ ಐತೆ, ಅಳೇ ಕಾಗ್ದ ಯಾರೂ ಓದ್ತಿಲ್ಲ, ಒಸಾದು ಬೇಕು ಅಂತ. ಇವತ್ತೇ ಅಂತ ನನಗೆ ಗೊತ್ತಿರಲಿಲ್ಲ. ಅತ್ತೆ ನಿನಗೂ ಪುರೋಹಿತರಿಗೂ ಫೋನ್ ಮಾಡಿ ಮಾಡಿ ಸೋತಳು, ಎಲ್ಲ ಸ್ವಿಚ್ ಆಫ್. ಆಫ್ ಇದ್ದಿದ್ದು ಒಳ್ಳೇದಾಯ್ತು ಅಂತ ನನಗೆ ಅನಿಸಿತು, ಸುಳ್ಳು ಹೇಳಲ್ಲ. ಕಾಯೋಣ ಅಂತ ನೆಂಟರು ಹೇಳಿದರು. ಕಾದಿದ್ದರೆ ಬೆಳಗ್ಗೆ ಮಷಿನ್ ಬರ್ತಿತ್ತು, ಸಂಜೆ ನೀನು ಬಂದು ಅವಳನ್ನ ಹೆಬ್ಬಾಳಕ್ಕೆ ಹೊರಿಸ್ತಿದ್ದೆ. ಕವಲು ದಾರೀಲಿ ಈ ಸಲ ಯಾರೂ ಕೂರಬೇಕಾಗಲಿಲ್ಲ. ಮುನಿಯಣ್ಣನ ಮಕ್ಕಳು ಹಾರೆ ತಂದರು, ನಾನೂ ತೋಡಿದೆ, ಮಷಿನ್ ಮುಟ್ಟಲಿಲ್ಲ. ಮಡಕೆ ನಾನು ಹೊತ್ತೆ. ಅದು ನೀನು ಹೊರಬೇಕಿತ್ತು. ಬಾಗಲೂರಿನ ಮಷಿನ್‌ನೋನಿಗೆ ಫೋನ್ ಮಾಡಿ ಹೇಳಿದೀನಿ, ಓನರ್ ಅಮ್ಮ ಅಲ್ಲಿ ಮಲಗಿದಾರೆ ಅಂತ. ಬರಲ್ಲ ಅಂದ. ಈಗ ನೀನೇ ಬೇಕಾದರೆ ಓಡಿಸು, ಕೀ ಎಲ್ಲಿದೆ ಹೇಳಿದೀನಲ್ಲ. ಫೋನ್ ಆನ್ ಆದರೂ ನಿನಗೆ ಹೇಳಬೇಡ ಅಂತ ಅತ್ತೆಗೆ ನಾನೇ ಅಂದಿದ್ದು, ಒಬ್ಬನೇ ಫ್ಲೈಟಲ್ಲಿ ಎದೆ ಹಿಡ್ಕೊಂಡು ಬರ್ತೀಯ ಅಂತ. ಅವಳು ಒಳಗೆ ದೀಪದ ಹತ್ತಿರ ಕೂತಿದಾಳೆ, ಅವಳ ಮೇಲೆ ರೇಗಬೇಡ. ಮಂಗಳವಾರ ಹಾಲು ತುಪ್ಪ. ಬರೋದಾದರೆ ಕಾಲೋನಿ ಒಳಗಿಂದ ನಡೆದುಕೊಂಡು ಬಾ, ಕಾರಲ್ಲಿ ಬರಬೇಡ. ನಾನು ಅಲ್ಲಿರ್ತೀನಿ, ಈ ಮನೇಲಿ ಇರಲ್ಲ. ಹೋಗ್ತಾ ಮುಂದಿನ ಬಾಗಿಲು ಎಷ್ಟು ಜೋರಾಗಿ ಆಗುತ್ತೋ ಅಷ್ಟು ಜೋರಾಗಿ ಹಾಕ್ಕೊಂಡು ಹೋಗ್ತೀನಿ. ನೀನು ಬಂದಾಗ ಪಕ್ಕದ ಬಣ್ಣದ ಗಾಜು ಒಡೆದು ಬಿದ್ದಿದ್ದರೆ ಯಾರನ್ನೂ ಕೇಳಬೇಡ. ಅದನ್ನ ಒಡೆದಿದ್ದು ನಾನು.